ಬಗ್ಗಿ ಬರ್ರಿ ಎಂಬ ಯಂತ್ರಶಾಸ್ತ್ರ

ನನ್ನ ಎತ್ತರ ಐದು ಅಡಿ ಒಂದು ಇಂಚು. ಇದು ಸರಕಾರಿ ಸತ್ಯ. ನೌಕರಿಗೆ ಸೇರುವ ದಿನ ವೈದ್ಯರು ಅಳೆದು ಒಪ್ಪಿಕೊಂಡದ್ದು. ಮನೆಯ ಸತ್ಯ ಬೇರೆ. ನನ್ನ ಹೆಂಡತಿಯ ಪ್ರಕಾರ ನಾನು ಬರೀ ಐದಡಿ; ಉಳಿದ ಒಂದಿಂಚು ಆ ದಿನ ಉಸಿರು ಬಿಗಿಹಿಡಿದು ಸೆಟೆದು ನಿಂತದ್ದರ ಫಲ, ಅದು ಸಂಜೆಯ ಹೊತ್ತಿಗೇ ಇಳಿದುಹೋಗಿತ್ತು. ಅವಳು ನನಗಿಂತ ನಾಲ್ಕು ಬೆರಳು ಎತ್ತರ. ಹೀಗಾಗಿ ಈ ವಿಷಯದಲ್ಲಿ ಅವಳ ಅಭಿಪ್ರಾಯ ಯಾವಾಗಲೂ ಮೇಲಿನಿಂದ ಬರುತ್ತದೆ. ಮೇಲಿನಿಂದ ಬಂದದ್ದನ್ನು ಪ್ರಶ್ನಿಸುವ ಅಭ್ಯಾಸ ನನಗೆ ನೌಕರಿಯಲ್ಲಿಯೂ ಇರಲಿಲ್ಲ.

ನಮ್ಮ ಕಡೆಯ ಹಳೆಯ ಮನೆಗಳನ್ನು ನೀವು ನೋಡಿರಬಹುದು. ಗೋಡೆ ಆನೆಯ ಹಾಗೆ, ಹೊಸ್ತಿಲು ಮೊಣಕಾಲಿಗೆ ಬರುವ ಹಾಗೆ, ಬಾಗಿಲು ಮಾತ್ರ ಗಿಡ್ಡ. ಯಾಕೆ ಗಿಡ್ಡ ಎಂಬುದಕ್ಕೆ ಊರಿಗೊಂದು ಉತ್ತರವಿದೆ. ಕಳ್ಳ ಓಡುವಾಗ ತಲೆ ಬಡಿಯಲಿ ಎಂದು ಕೆಲವರು, ಬಿಸಿಲು ಒಳಗೆ ಬಾರದಿರಲಿ ಎಂದು ಕೆಲವರು, ಬರುವವನ ಅಹಂಕಾರ ಹೊಸ್ತಿಲ ಹೊರಗೇ ಇಳಿಯಲಿ ಎಂದು ಪ್ರವಚನಕಾರರು. ಉದ್ದನೆಯ ಮರ ಸಿಕ್ಕಿರಲಿಕ್ಕಿಲ್ಲ ಎಂಬುದು ನನ್ನ ಸಂಶಯ. ಕಾರಣ ಏನೇ ಇರಲಿ, ಬಾಗಿಲಿನೊಂದಿಗೆ ಒಂದು ಮಾತೂ ಬೆಳೆದು ಬಂದಿದೆ. ಯಾರಾದರೂ ಹೊರಗೆ ಚಪ್ಪಲಿ ಬಿಡುವ ಸಪ್ಪಳ ಕೇಳಿದರೆ ಸಾಕು, ಒಳಗಿನಿಂದ ಕೂಗು: "ಬಗ್ಗಿ ಬರ್ರಿ."

ಬರುವವನು ಎಷ್ಟು ಎತ್ತರದವನೆಂದು ಯಾರೂ ನೋಡಿ ಹೇಳುವುದಿಲ್ಲ. ತಲೆಯ ಮೇಲೆ ತುಂಬಿದ ಕೊಡ ಇಟ್ಟುಕೊಂಡರೂ ನಾನು ಹಾಯ್ದುಹೋಗಬಹುದಾದ ಬಾಗಿಲುಗಳಲ್ಲಿ ನನಗೆ ಆ ಎಚ್ಚರಿಕೆ ಸಿಕ್ಕಿದೆ. ಮತ್ತು ನಾನು ಬಗ್ಗಿದ್ದೇನೆ. ಬಗ್ಗದಿದ್ದರೆ ನನ್ನ ಎತ್ತರವನ್ನು ನಾನೇ ಸಾರಿದಂತೆ ಆಗುತ್ತದಲ್ಲ. ಕರೆದವರ ಮಾತಿಗೆ ಬೆಲೆ ಕೊಡುವುದು ಎತ್ತರದವರ ಗುತ್ತಿಗೆಯೂ ಅಲ್ಲ.

ನೌಕರಿ ಮೋಜಣಿ ಇಲಾಖೆಯಲ್ಲಿ. ಸರಪಳಿ ಹಿಡಿದು ಗೋಕಾಕ ಸೀಮೆಯ ಹೊಲಗಳನ್ನು ಅಳೆದವನು ನಾನು. ಅಲ್ಲಿ ಲೆಕ್ಕಕ್ಕಿರುವುದು ಎರಡೇ: ಉದ್ದ ಮತ್ತು ಅಗಲ. ಒಂದು ಗೇಣು ಅಗಲಕ್ಕಾಗಿ ಅಣ್ಣತಮ್ಮಂದಿರು ಮಾತು ಬಿಟ್ಟದ್ದನ್ನು ನೋಡಿದ್ದೇನೆ. ತಮ್ಮ ಹೊಲದ ಮೇಲಿನ ಆಕಾಶ ಕಡಿಮೆಯಾಯಿತೆಂದು ಯಾರೂ ಅರ್ಜಿ ಹಾಕಿದ್ದನ್ನು ನೋಡಿಲ್ಲ. ಎತ್ತರವಿಲ್ಲದ ಇಲಾಖೆಯಲ್ಲಿ ನನ್ನಂಥವನು ನೆಮ್ಮದಿಯಿಂದ ಬಾಳಿ ನಿವೃತ್ತನಾದನೆಂದರೆ ಆಶ್ಚರ್ಯವೇನಿಲ್ಲ. ಆಶ್ಚರ್ಯವೆಂದರೆ ನಿವೃತ್ತಿಯ ನಂತರ, ಎತ್ತರದ ಬಗೆಗಿನ ಒಂದು ತಂಟೆಗೆ ನನ್ನನ್ನು ಪಂಚನನ್ನಾಗಿ ಕರೆದದ್ದು.

ಕರೆದವಳು ಸುನಂದಾ, ನನ್ನ ಅಕ್ಕನ ಮಗಳು. ಮೂಡಲಗಿಯ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಾಳೆ.

"ಮಾಮಾ, ನಮ್ಮ ಸಾಲ್ಯಾಗ ರೋಬೋಟ್ ಮಾಡಾಕತ್ತೇವಿ. ಹುಕ್ಕೇರ್ಯಾಗ ಸ್ಪರ್ಧಾ ಐತಿ. ಎತ್ತರದ್ದು ಮಾಡೂದೋ ಗಿಡ್ಡದ್ದು ಮಾಡೂದೋ ಅಂತ ಹುಡುಗ್ಯಾರ ನಡುವ ಜಗಳ ಹತ್ತೈತಿ. ನೀವು ಒಮ್ಮೆ ಬರ್ರಿ."

"ನಾ ಹೊಲಾ ಅಳದಾಂವ ಅದೇನವಾ. ಯಂತ್ರದ ಗಂಧ ನನಗೇನ ಗೊತ್ತು?"

"ಯಂತ್ರಾ ಅವ್ರು ಮಾಡ್ತಾರ್ರಿ. ಜಗಳಾ ಹರ್ಯಾಕ ನೀವು ಬರ್ರಿ. ಅದ್ರಾಗ ನಿಮಗ ಅನುಭವ ಐತೆಲ್ಲ."

ಪ್ರತಿ ತಂಡಕ್ಕೂ ಶಾಲೆಯ ಹೊರಗಿನ ಒಬ್ಬ ಹಿರಿಯ ಸಲಹೆಗಾರ ಇರಬೇಕೆಂಬ ನಿಯಮವೂ ಇತ್ತಂತೆ. ಹೀಗೆ ನಾನು ಗೋಕಾಕದಿಂದ ಬಸ್ಸು ಹತ್ತಿ, ಒಂದು ರೋಬೋಟಿಗೆ ಸಲಹೆಗಾರನಾದೆ. ನನ್ನ ಸಲಹೆಯನ್ನು ಮನುಷ್ಯರು ಕೇಳಿದ್ದು ಕಡಿಮೆ. ಯಂತ್ರವಾದರೂ ಕೇಳೀತೆಂಬ ಆಸೆ.

ಶಾಲೆಯ ಹಿಂಬದಿಯಲ್ಲಿ ಒಂದು ಖೋಲಿ. ಹಿಂದೊಮ್ಮೆ ಅಲ್ಲಿ ಹೊಲಿಗೆ ಕಲಿಸುತ್ತಿದ್ದರು. ಈಗ ತಂತಿ, ಗಾಲಿ, ಬ್ಯಾಟರಿ, ಒಂದು ಉದ್ದ ಟೇಬಲ್ಲು. ಬಾಗಿಲ ಬಳಿ ದೈಹಿಕ ಶಿಕ್ಷಕ ಹಣಮಂತ ಮಾಸ್ತರರು ಕೈಯಲ್ಲಿ ಅಳತೆಯ ಟೇಪು ಹಿಡಿದು ನೆಲ ಅಳೆಯುತ್ತಿದ್ದರು. ಅಳೆಯುವವನನ್ನು ಕಂಡರೆ ನನಗೆ ತಾನೇ ಗೌರವ ಬರುತ್ತದೆ. ಏನು ವಿಷಯ ಎಂದು ಕೇಳಿದೆ.

"ಏನಿಲ್ರಿ ಸರ. ನಮ್ಮ ಕಬಡ್ಡಿ ಮ್ಯಾಟ್ ಅದಾವ್ರಿ. ಪಡಸಾಲ್ಯಾಗ ಬಿದ್ದ ಬಿದ್ದ ಇಲಿ ಕಡ್ಯಾಕತ್ತಾವು. ಈ ಖೋಲಿ ನಮಗ ಕೊಡ್ರಿ ಅಂತ ಕಮಿಟಿಗೆ ಕೇಳೇನಿ. ಹುಕ್ಕೇರ್ಯಾಗ ಈ ಹುಡುಗ್ಯಾರು ಪಾಸಾಗಿ ಬೆಳಗಾವಿಗೆ ಹೋದ್ರ ಖೋಲಿ ಅವ್ರದು, ಇಲ್ಲಾಂದ್ರ ನನಗ ಅಂತ ಹೇಳ್ಯಾರ. ಅದಕ್ಕ ಮ್ಯಾಟ್ ಹಿಡಿತಾವೋ ಇಲ್ಲೋ ನೋಡಾಕತ್ತಿದ್ನಿ."

ಅವರ ಮಾತಿನಲ್ಲಿ ವಿಷವಿರಲಿಲ್ಲ. ಅವರ ಹುಡುಗಿಯರೂ ಹುಡುಗಿಯರೇ, ಅವರ ಮ್ಯಾಟೂ ಮ್ಯಾಟೇ. ಆದರೆ ಟೇಬಲ್ಲಿನ ಆಚೆ ನಿಂತಿದ್ದ ಇಬ್ಬರು ಹುಡುಗಿಯರು ಆ ಟೇಪನ್ನು ನೋಡುತ್ತಿದ್ದ ರೀತಿ ನನಗೆ ಚೆನ್ನಾಗಿ ಗೊತ್ತಿತ್ತು. ಬಾಂದುಗಲ್ಲು ಕೀಳುತ್ತಾರೇನೋ ಎಂದು ಹೊಲದ ಬದುವಿನಲ್ಲಿ ನಿಂತು ನೋಡುವವರ ಕಣ್ಣು ಅದು.

ಇಬ್ಬರೂ ಒಂಬತ್ತನೆಯ ಇಯತ್ತೆ. ಸವಿತಾ ಮಸಗುಪ್ಪಿಯ ರೈತರ ಮನೆಯವಳು. ಪ್ರಾರ್ಥನೆಯ ಸಾಲಿನಲ್ಲಿ ಒಂದನೆಯ ಇಯತ್ತೆಯಿಂದಲೂ ಮೊದಲಿಗೆ ನಿಂತವಳು, ಅಂದರೆ ನನ್ನ ಪಂಗಡದವಳು. ಪದ್ಮಜಾ ಮೂಡಲಗಿಯ ಪೇಟೆಯಲ್ಲಿ ಬಳೆ, ರಿಬ್ಬನ್ನು ಮಾರುವ ಜೈನ ವ್ಯಾಪಾರಿಯ ಮಗಳು. ಬಿದಿರಿನಂತೆ ಬೆಳೆದಿದ್ದಾಳೆ, ಎಲ್ಲ ಫೋಟೋಗಳಲ್ಲೂ ಹಿಂದಿನ ಸಾಲು. ಇವರಲ್ಲಿ ಎತ್ತರದ ರೋಬೋಟು ಬೇಕೆನ್ನುವವಳು ಯಾರು ಹೇಳಿ ನೋಡೋಣ. ಸವಿತಾ. ಗಿಡ್ಡದ್ದು ಸಾಕೆನ್ನುವವಳು ಪದ್ಮಜಾ. ಮನುಷ್ಯ ತನಗೆ ದೇವರು ಕೊಡದೇ ಇದ್ದದ್ದನ್ನು ತನ್ನ ಯಂತ್ರಕ್ಕೆ ಕೊಡಬಯಸುತ್ತಾನೆಂದು ನಾನು ಅಲ್ಲಿಯೇ ಒಂದು ಸಿದ್ಧಾಂತ ಕಟ್ಟಿದೆ. ಯಾರೂ ಬರೆದುಕೊಳ್ಳಲಿಲ್ಲ.

ಸ್ಪರ್ಧೆಯ ಅಂಗಳ ಹೀಗೆ. ಒಂದು ಚೌಕ ಹಲಗೆ. ಈ ದಂಡೆಯಲ್ಲಿ ಬಳೆಯಂಥ ರಿಂಗುಗಳು, ಆ ದಂಡೆಯಲ್ಲಿ ಮೂರು ಕಂಬಗಳು. ರಿಂಗು ಒಯ್ದು ಕಂಬಕ್ಕೆ ತೊಡಿಸಬೇಕು. ಗಿಡ್ಡ ಕಂಬಕ್ಕೆ ಕಡಿಮೆ ಅಂಕ, ಎತ್ತರದ ಕಂಬಕ್ಕೆ ಅದರ ಮೂರು ಪಟ್ಟು. ಇಷ್ಟೇ ಆಗಿದ್ದರೆ ಎಲ್ಲರೂ ಎತ್ತರದ ರೋಬೋಟು ಮಾಡುತ್ತಿದ್ದರು. ಆದರೆ ನಿಯಮ ಬರೆದವರು ಜಾಣರು. ನಡುವೆ ಅಡ್ಡ ಒಂದು ಕೋಲು ಕಟ್ಟಿದ್ದಾರೆ, ನೆಲದಿಂದ ಒಂದೇ ಅಡಿ ಮೇಲೆ. ಗಿಡ್ಡನಾದರೆ ಅದರ ಕೆಳಗೆ ಸರ್ರನೆ ಹಾಯಬಹುದು, ಆದರೆ ಎತ್ತರದ ಕಂಬ ಎಟುಕುವುದಿಲ್ಲ. ಎತ್ತರದವನಾದರೆ ಕಂಬ ಎಟುಕುತ್ತದೆ, ಆದರೆ ಕೋಲು ಬಿಟ್ಟು ಬದಿಯ ದಾರಿಯಲ್ಲಿ, ಉಬ್ಬುಗಳ ಮೇಲೆ, ಸುತ್ತಿ ಬರಬೇಕು. ಕೊಟ್ಟ ಹೊತ್ತು ಮೂರು ನಿಮಿಷ. ಇನ್ನು ಆರಂಭದಲ್ಲಿ ಯಾವ ರೋಬೋಟೂ ಎರಡು ಅಡಿ ಮೀರಬಾರದು. ಆಮೇಲೆ ಬೇಕಾದರೆ ಬೆಳೆಯಬಹುದು. ಎರಡು ಅಡಿಯನ್ನು ಎತ್ತರವೆಂದು ಕರೆಯುವ ಆ ಜಗತ್ತಿನಲ್ಲಿ ನಾನು ಪರ್ವತದಂತೆ ನಿಂತಿದ್ದೆ. ಇದು ನನಗೆ ಹೊಸ ಅನುಭವ.

ಆರಂಭದಲ್ಲಿ ಇಷ್ಟೇ, ಆಮೇಲೆ ಎಷ್ಟಾದರೂ ಬೆಳೆ ಎಂಬ ಈ ನಿಯಮದ ಸವಲತ್ತನ್ನು ಮೊದಲು ಪಡೆದವನು ವಾಮನನೆಂದು ನಾನು ಹುಡುಗಿಯರಿಗೆ ವಿವರಿಸಿದೆ. ಅಳತೆಯ ಹೊತ್ತಿಗೆ ಗಿಡ್ಡ, ಸೀಟಿ ಊದಿದ ಮೇಲೆ ತ್ರಿವಿಕ್ರಮ. ಬಲಿ ಚಕ್ರವರ್ತಿ ನಿಯಮಾವಳಿ ಓದಿರಲಿಲ್ಲ. ಶುಕ್ರಾಚಾರ್ಯರು ಓದಿದ್ದರು, ಅವರ ಮಾತು ಯಾರೂ ಕೇಳಲಿಲ್ಲ. ಸಲಹೆಗಾರರ ಸ್ಥಿತಿ ಅಂದಿನಿಂದಲೂ ಹೀಗೇ.

"ಅಜ್ಜಾರ, ವಾಮನಗ ಬ್ಯಾಟರಿ ಇತ್ತೇನ್ರಿ?" ಎಂದಳು ಪದ್ಮಜಾ. "ಬೆಳ್ಯೂ ರೋಬೋಟ್ ಮಾಡಿ ನೋಡೇವ್ರಿ. ಕೈ ಮ್ಯಾಲ ಹೋತು, ಕೆಳಗ ಬರಲೇ ಇಲ್ಲ. ಅದಕ್ಕ ನಾ ಅನ್ನೂದು, ಗಿಡ್ಡದ್ದು ಮಾಡಿ ಗಿಡ್ಡ ಕಂಬಕ್ಕ ರಗಡ ರಿಂಗ್ ಹಾಕೂಣು."

"ಗಿಡ್ಡ ಕಂಬಕ್ಕ ಎಲ್ಲಾರೂ ಹಾಕ್ತಾರ," ಎಂದಳು ಸವಿತಾ. "ನಾಕ ಮಂದಿ ಮಾಡಿದ್ದನ್ನ ಮಾಡಾಕ ಹುಕ್ಕೇರಿ ತನಕ ಯಾಕ ಹೋಗಬೇಕು? ಪದ್ಮಿ, ನಿನಗ ಎಲ್ಲಾ ಎಟಕ್ತೈತಿ, ಅದಕ್ಕ ಹಂಗ ಅಂತಿ."

"ನಿನಗ ಎಲ್ಲ್ಯೂ ತಲಿ ಬಡ್ಯಂಗಿಲ್ಲ, ಅದಕ್ಕ ನೀ ಹಂಗ ಅಂತಿ."

ಇಬ್ಬರ ಮಾತೂ ಸರಿಯಾಗಿತ್ತು. ಪಂಚನಿಗೆ ಇದಕ್ಕಿಂತ ದೊಡ್ಡ ಸಂಕಟವಿಲ್ಲ.

ಪದ್ಮಜಾಳ ತಂದೆ ಒಂದು ದಿನ ಮಗಳಿಗೆ ಡಬ್ಬಿ ಕೊಡಲು ಬಂದವರು ಈ ಚರ್ಚೆಯನ್ನು ಕೇಳಿ, ಟೊಪ್ಪಿಗೆ ಸರಿಮಾಡಿಕೊಂಡು, ತಮ್ಮ ತೀರ್ಪು ಕೊಟ್ಟರು: "ನಮ್ಮ ಬಾಹುಬಲಿಗಿಂತ ಎತ್ತರ ಯಾರ ಅದಾರ್ರಿ? ಆದ್ರ ಅಂವ ಅಡ್ಡಾಡಂಗಿಲ್ಲ ನೋಡ್ರಿ. ಎತ್ತರ ಆದಾಂವ ಒಂದ ಕಡೆ ನಿಂದರಬೇಕು. ಅಡ್ಡಾಡಾವ್ರು ನಮ್ಮಂಗ ಇರಬೇಕು." ಎತ್ತರ ಮತ್ತು ಚಲನೆಯ ಸಂಬಂಧವನ್ನು ಇಷ್ಟು ಅಡಕವಾಗಿ ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ. ಸುನಂದಾ ಮಾತ್ರ ಅದನ್ನು ಗುರುತ್ವಕೇಂದ್ರ ಎಂದು ಹಲಗೆಯ ಮೇಲೆ ಚಿತ್ರ ತೆಗೆದು ಹೇಳಿದಳು. ಅಷ್ಟೊಂದು ರುಚಿಸಲಿಲ್ಲ.

ಗುರುತ್ವಕೇಂದ್ರವನ್ನು ತಿಳಿಯಲು ಹಲಗೆ ಬೇಕಿಲ್ಲ. ಕಬ್ಬಿನ ಹಂಗಾಮಿನಲ್ಲಿ ಮೂಡಲಗಿ ರಸ್ತೆಯಲ್ಲಿ ಬಸ್ಸಿನ ಮುಂದಿನ ಸೀಟಿನಲ್ಲಿ ಕುಳಿತರೆ ಸಾಕು. ಮುಂದೆ ಟ್ರ್ಯಾಕ್ಟರು, ಅದಕ್ಕೆ ಎರಡು ಟ್ರೇಲರು, ಅದರ ಮೇಲೆ ಒಂದು ಸಣ್ಣ ಗುಡ್ಡದಷ್ಟು ಕಬ್ಬು. ಗುಡ್ಡದ ತುದಿಯಲ್ಲಿ ಒಬ್ಬ ಮನುಷ್ಯ ಕವೆಗೋಲು ಹಿಡಿದು ಕುಳಿತಿರುತ್ತಾನೆ. ಅಡ್ಡ ಬಂದ ತಂತಿಗಳನ್ನು ಕೋಲಿನಿಂದ ಮೇಲೆತ್ತಿ ಗುಡ್ಡವನ್ನು ದಾಟಿಸುವುದು ಅವನ ಕೆಲಸ. ನಮ್ಮವರು ಹೇರು ತಗ್ಗಿಸುವುದಿಲ್ಲ, ಲೋಕವನ್ನೇ ಸ್ವಲ್ಪ ಮೇಲೆತ್ತುತ್ತಾರೆ. ಟ್ರೇಲರು ತಗ್ಗಿನಲ್ಲಿ ಇಳಿದಾಗ ಗುಡ್ಡ ಎಡಕ್ಕೆ ವಾಲುತ್ತದೆ, ಬಸ್ಸಿನ ನಾವೆಲ್ಲ ಬಲಕ್ಕೆ ವಾಲುತ್ತೇವೆ. ನಮ್ಮ ಸಹಕಾರದಿಂದಲೇ ಅದು ಬೀಳದೆ ಉಳಿಯುತ್ತದೆಂದು ನನ್ನ ನಂಬಿಕೆ.

ಸವಿತಾಳ ಯಂತ್ರಕ್ಕೆ ಆ ಸಹಕಾರ ಸಿಗಲಿಲ್ಲ. ಅವಳ ಒತ್ತಾಯಕ್ಕೆ ಮೊದಲು ಎತ್ತರದ್ದನ್ನೇ ಮಾಡಿದ್ದರು. ನಾಲ್ಕು ಗಾಲಿಯ ಮೇಲೆ ಅಲ್ಯೂಮಿನಿಯಂ ಪಟ್ಟಿಯ ಕಂಬ, ತುದಿಯಲ್ಲಿ ರಿಂಗು ಹಿಡಿಯುವ ಕೈ. ನಿಂತಾಗ ಬಹಳ ಗಂಭೀರ. ಮೊದಲ ಉಬ್ಬಿನ ಮೇಲೆ ಹತ್ತಿತು, ಒಂದು ಕ್ಷಣ ಯೋಚಿಸಿತು, ಮಕಾಡೆ ಬಿತ್ತು. ಮತ್ತೆ ನಿಲ್ಲಿಸಿದರು, ಮತ್ತೆ ಬಿತ್ತು. ಬಾಗಿಲಲ್ಲಿದ್ದ ಹಣಮಂತ ಮಾಸ್ತರರು ಟೇಪನ್ನು ಕಿಸೆಯಲ್ಲಿ ಇಟ್ಟುಕೊಂಡರು. ಅಳೆಯುವ ಅವಸರ ಅವರಿಗೆ ಉಳಿದಂತೆ ಕಾಣಲಿಲ್ಲ.

ಸಾಂತ್ವನ ಹೇಳುವ ಜವಾಬ್ದಾರಿ ಸಲಹೆಗಾರನದು. ನಾನು ಘಟಪ್ರಭೆಯ ಉದಾಹರಣೆ ಕೊಟ್ಟೆ. ಆ ತಾಯಿ ಮೈಲುಗಟ್ಟಲೆ ಸಮನಾಗಿ ಹರಿದು ಹೊಲಗಳಿಗೆ ನೀರುಣಿಸುತ್ತಾಳೆ. ಯಾರೂ ಒಂದು ಫೋಟೋ ತೆಗೆಯುವುದಿಲ್ಲ. ಗೋಕಾಕದ ಹತ್ತಿರ ಒಂದು ಕಡೆ ಕಾಲು ಜಾರಿ ಬಿದ್ದಳು, ನೋಡಲು ಪರವೂರಿನಿಂದ ಜನ ಬುತ್ತಿ ಕಟ್ಟಿಕೊಂಡು ಬಂದರು. ಎತ್ತರಕ್ಕೆ ಬಂದ ಕೀರ್ತಿಯೆಲ್ಲ ಬೀಳುವುದರಿಂದಲೇ ಬಂದದ್ದು ಎಂದೆ. ಸವಿತಾಳಿಗೆ ಇದರಿಂದ ಏನೂ ಸಾಂತ್ವನ ಸಿಗಲಿಲ್ಲ.

"ಹಂಗಾರ ನಿಮ್ಮ ಲೆಕ್ಕ ಗಿಡ್ಡದ್ದ ಅನ್ರಿ," ಎಂದಳು.

ನಾನು ಮೋಜಣಿ ನಕಾಶೆಗೆ ಸಹಿ ಹಾಕುವ ಗತ್ತಿನಲ್ಲಿ, ಹೌದು, ಸದ್ಯದ ಪರಿಸ್ಥಿತಿಯಲ್ಲಿ ಗಿಡ್ಡದ್ದೇ ಯೋಗ್ಯವೆಂದು ತೀರ್ಪು ಕೊಟ್ಟೆ. ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದಳು. ನೋಡಿ ಮುಗಿಸಲು ಅವಳಿಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಚೀಲ ತೆಗೆದುಕೊಂಡು ಹೊರಟುಹೋದಳು. ಮರುದಿನ ಖೋಲಿಗೆ ಬರಲಿಲ್ಲ. ಅದರ ಮರುದಿನವೂ ಇಲ್ಲ.

ಮನೆಯಲ್ಲಿ ಹೆಂಡತಿಗೆ ನಡೆದದ್ದನ್ನು ಹೇಳಿದೆ. ಅವಳು ಅಟ್ಟದ ಮೇಲಿನ ಶೇಂಗಾದ ಡಬ್ಬಿಯನ್ನು ಕೈಚಾಚಿ ಇಳಿಸುತ್ತಿದ್ದಳು. ನಮ್ಮ ಮನೆಯಲ್ಲಿ ಎತ್ತರದ ಡಬ್ಬಿಗಳು ಅವಳ ಖಾತೆ. ಮಂಚದ ಕೆಳಗೆ ಉರುಳಿದ ಗುಂಡಿ, ಗುಳಿಗೆ, ಚಿಲ್ಲರೆ ನನ್ನ ಖಾತೆ. ಈ ಒಪ್ಪಂದ ಇಷ್ಟು ವರ್ಷ ಮುರಿದಿಲ್ಲ.

"ಗಿಡ್ಡದ್ದ ಚಲೋ ಅಂದ್ರೇನು? ನಾ ಇಲ್ಲದ ದಿನಾ ನೀವು ಶೇಂಗಾ ಹೆಂಗ ತಿಂತೀರಿ?"

"ಸ್ಟೂಲ್ ಹಾಕ್ಕೋತೇನಿ."

"ಮಂಚದ ಬುಡಕ ಬಿದ್ದದ್ದನ್ನ ನಾನೂ ತಗೀತೇನಿ. ಬಗ್ಗಿದ್ರ ಆತು." ಡಬ್ಬಿಯ ಮುಚ್ಚಳ ತೆಗೆದಳು. "ನಾಳೆ ಹೋಗಿ ಆ ಹುಡುಗೀನ ಕರ್ಕೊಂಡ ಬರ್ರಿ. ಪಂಚ ಆಗಾಕ ಹೋದಾವ್ರು ಒಬ್ಬಾಕಿನ ಓಡಿಸಿ ಬಂದೀರಿ."

ಮರುದಿನ ನಾನು, ಸುನಂದಾ, ಪದ್ಮಜಾ ಮಸಗುಪ್ಪಿಗೆ ಹೋದೆವು. ಸವಿತಾಳದು ಹಳೆಯ ಮನೆ. ನಾನು ಹೇಳಿದಂಥದ್ದೇ ಗೋಡೆ, ಅಂಥದ್ದೇ ಬಾಗಿಲು. ಚಪ್ಪಲಿಯ ಸಪ್ಪಳಕ್ಕೆ ಒಳಗಿನಿಂದ ಅವಳ ಅಜ್ಜಿಯ ದನಿ ಬಂತು: "ಬಗ್ಗಿ ಬರ್ರಿ."

ನಾನು ರೂಢಿಯಂತೆ ಬಗ್ಗಿ ಹೋದೆ. ಸುನಂದಾ ಬಂದಳು. ಪದ್ಮಜಾ ಅಜ್ಜಿಯ ಮಾತನ್ನು ಕೇಳಿಸಿಕೊಂಡಿರಲಿಲ್ಲ. ಬಾಗಿಲ ಮೇಲಿನ ಪಟ್ಟಿಗೆ ಹಣೆ ಬಡಿದ ಸಪ್ಪಳ ಒಳಗಿನ ತನಕ ಕೇಳಿತು. ದೇವರ ಖೋಲಿಯ ಹತ್ತಿರ ಮುಖ ಊದಿಸಿಕೊಂಡು ನಿಂತಿದ್ದ ಸವಿತಾಳಿಗೆ ನಗು ತಡೆಯಲಾಗಲಿಲ್ಲ.

"ಬಡೀತೇನ?" ಎಂದಳು.

"ಬಡೀತು." ಪದ್ಮಜಾ ಹಣೆ ಒತ್ತಿಕೊಳ್ಳುತ್ತ ಸೊಂಟ ಬಗ್ಗಿಸಿ ಒಳಗೆ ಬಂದಳು, ನೆಟ್ಟಗಾದಳು. ಮತ್ತೆ ಹಿಂದೆ ತಿರುಗಿ ಬಾಗಿಲು ನೋಡಿದಳು. ಬಗ್ಗಿ ಹೊರಗೆ ಹೋದಳು. ಬಗ್ಗಿ ಒಳಗೆ ಬಂದಳು. ಅಜ್ಜಿ ಅವಳ ತಲೆಗೆ ಪೆಟ್ಟು ಜೋರಾಗಿಯೇ ಬಿದ್ದಿದೆ ಎಂದುಕೊಂಡು ಅರಿಷಿಣ ತರಲು ಎದ್ದರು.

"ಸವ್ವಿ," ಎಂದಳು ಪದ್ಮಜಾ, "ಕಂಬಾ ಸಣ್ಣದ ಮಾಡೂದ ಬ್ಯಾಡ. ಬುಡಕ್ಕ ಬಿಜಾಗರಿ ಹಚ್ಚೂಣು. ಕೋಲಿನ ಬುಡಕ ಹೋಗೂಮುಂದ ಬಗ್ಗಲಿ, ಆ ಕಡೆ ಹೋಗಿ ಏಳಲಿ."

ಸವಿತಾ ನಗು ನಿಲ್ಲಿಸಿದಳು. "ಸುತ್ತ ಹೋಗೂದ ಬ್ಯಾಡ," ಎಂದಳು ನಿಧಾನವಾಗಿ. "ಉಬ್ಬಿನ ಮ್ಯಾಲ ಹತ್ತೂದೂ ಬ್ಯಾಡ. ಬೀಳೂದೂ ಇಲ್ಲ."

ಅಜ್ಜಿ ತಂದ ಅರಿಷಿಣವನ್ನು ಹಚ್ಚುವಷ್ಟು ಹೊತ್ತೂ ಪದ್ಮಜಾ ಸುಮ್ಮನೆ ನಿಲ್ಲಲಿಲ್ಲ. ಎಷ್ಟೋ ತಲೆಮಾರಿನಿಂದ ಬಾಗಿಲಲ್ಲಿ ಕೂಗುತ್ತ ಬಂದ ಮಾತನ್ನು ಯಂತ್ರಶಾಸ್ತ್ರವೆಂದು ಓದಲು ಒಂದು ಪೆಟ್ಟು ಬೇಕಾಯಿತು. ನಾನು ಪ್ರತಿ ಬಾಗಿಲಲ್ಲೂ ಬಗ್ಗಿದವನು, ನನಗೆ ಹೊಳೆಯಲಿಲ್ಲ. ತಲೆ ಬಡಿಯದವನಿಗೆ ಬಾಗಿಲು ಏನೂ ಕಲಿಸುವುದಿಲ್ಲ ಎಂದು ಕಾಣುತ್ತದೆ.

ಹಳೆಯ ಕಿಟಕಿಯ ಬಿಜಾಗರಿ ಬಿಚ್ಚಿ ಹಚ್ಚಿದರು. ಈ ಹಂತದಲ್ಲಿ ನಾನೊಂದು ಸಲಹೆ ಕೊಟ್ಟೆ, ಮತ್ತು ಅದನ್ನು ಒಪ್ಪಿಕೊಂಡರು. ಇಡೀ ಪ್ರಕರಣದಲ್ಲಿ ಒಪ್ಪಿಗೆಯಾದ ನನ್ನ ಸಲಹೆ ಇದೊಂದೇ. ಬಗ್ಗುವುದಕ್ಕೆ ಶಕ್ತಿ ಖರ್ಚು ಮಾಡುವುದೇಕೆ? ದಾರ ಸಡಿಲ ಬಿಟ್ಟರೆ ಕಂಬ ತನ್ನ ಭಾರಕ್ಕೆ ತಾನೇ ಬಗ್ಗುತ್ತದೆ. ಆಚೆ ಹೋದ ಮೇಲೆ ಮೋಟಾರು ದಾರ ಎಳೆದು ಎಬ್ಬಿಸಲಿ. ಖೋಲಿಯಲ್ಲಿ ಇದು ಸೊಗಸಾಗಿ ನಡೆಯಿತು. ಪದ್ಮಜಾಳ ತಂದೆಯ ಅಂಗಡಿಯ ಪ್ಲಾಸ್ಟಿಕ್ ಬಳೆಗಳನ್ನೇ ರಿಂಗುಗಳೆಂದು ಇಟ್ಟುಕೊಂಡಿದ್ದೆವು. ಯಂತ್ರ ಬಳೆ ಎತ್ತಿಕೊಂಡು, ಕೋಲಿನ ಮುಂದೆ ಬಗ್ಗಿ, ಆಚೆ ಎದ್ದು, ಎತ್ತರದ ಕಂಬಕ್ಕೆ ಬಳೆ ತೊಡಿಸಿತು. ಸೀಮಂತದ ಮನೆಯ ಕಳೆ ಬಂತು. ಹಣಮಂತ ಮಾಸ್ತರರು ಟೇಪನ್ನು ಮತ್ತೆ ಹೊರತೆಗೆದು ಪಡಸಾಲೆಯನ್ನು ಅಳೆಯತೊಡಗಿದರು.

ಹುಕ್ಕೇರಿಗೆ ನಮ್ಮನ್ನು ಟಂಟಂ ಎಂಬ ಮೂರು ಗಾಲಿಯ ಗಾಡಿಯಲ್ಲಿ ಕರೆದೊಯ್ದವರೂ ಅವರೇ. ಹೊರಡುವ ಮೊದಲು ಸವಿತಾಳ ಅಜ್ಜಿ ಯಂತ್ರದ ತುದಿಗೆ ಒಂದು ನಿಂಬೆಹಣ್ಣು, ನಾಲ್ಕು ಮೆಣಸಿನಕಾಯಿ ಪೋಣಿಸಿ ಕಟ್ಟಿದರು. ಬಿಚ್ಚಕೂಡದೆಂದು ಕಟ್ಟಪ್ಪಣೆ. ಹುಕ್ಕೇರಿಯ ಕಾಲೇಜಿನ ಸಭಾಂಗಣದಲ್ಲಿ ಎತ್ತರ ಪರೀಕ್ಷೆಗೆ ಎರಡಡಿಯ ಒಂದು ಮರದ ಚೌಕಟ್ಟು ನಿಲ್ಲಿಸಿದ್ದರು. ಎಲ್ಲ ಯಂತ್ರಗಳೂ ಅದರ ಕೆಳಗೆ ಹಾಯಬೇಕು. ನಮ್ಮದು ಹೊರಟಿತು, ನಿಂಬೆಹಣ್ಣು ಚೌಕಟ್ಟಿಗೆ ತಾಗಿತು.

"ಇದು ಯಂತ್ರದ ಭಾಗಾನ?" ಎಂದು ಕೇಳಿದ ಪರೀಕ್ಷಕರು ಇನ್ನೂ ಎಳೆಯ ವಯಸ್ಸಿನ ಉಪನ್ಯಾಸಕರು.

"ಅಜ್ಜಿ ಕಟ್ಟ್ಯಾಳ್ರಿ ಸರ. ಬಿಚ್ಚಬ್ಯಾಡ ಅಂದಾಳ."

"ಅಜ್ಜಿ ನಿಯಮ ಬ್ಯಾರೆ, ನಮ್ಮ ನಿಯಮ ಬ್ಯಾರೆ ಇರ್ತಾವವಾ."

ಇಂಥ ಗಡಿವಿವಾದ ನನ್ನ ಕ್ಷೇತ್ರ. ಬಿಚ್ಚುವುದು ಬೇಡ, ಸ್ಥಳಾಂತರ ಮಾಡೋಣವೆಂದೆ. ಗಂಟು ಬಿಚ್ಚದೆ ಇಡೀ ಸರವನ್ನು ಜಾರಿಸಿ ತೆಗೆದು ನನ್ನ ಅಂಗಿಯ ಗುಂಡಿಗೆ ಸಿಕ್ಕಿಸಿಕೊಂಡೆ. ದೃಷ್ಟಿ ತಗಲುವ ಭಯ ನನಗೆ ಈ ಜನ್ಮದಲ್ಲಿ ಬಂದಿರಲಿಲ್ಲ. ಆದರೂ ಇರಲಿ.

ಪ್ರತಿ ತಂಡಕ್ಕೆ ಎರಡು ಸರದಿ, ಎರಡರ ಅಂಕ ಕೂಡಿಸಿ ಮೊದಲ ಮೂರು ತಂಡಗಳು ಬೆಳಗಾವಿಗೆ. ನಮ್ಮ ಮೊದಲ ಸರದಿ ಬಂತು. ರಿಂಗು ಕೈಗೆ ಬಂದಾಗ ಸವಿತಾ ಒಮ್ಮೆ ನನ್ನತ್ತ ನೋಡಿದಳು. ಅವು ಮರದವು, ದಪ್ಪನೆಯವು. ಒಂದೊಂದೂ ಒಂದು ಡಜನ್ ಬಳೆಯ ತೂಕ. ನಿಯಮಾವಳಿಯ ಕೊನೆಯ ಪುಟದಲ್ಲಿ ತೂಕ ಬರೆದಿದ್ದರಂತೆ. ಎತ್ತರದ ಜಗಳದಲ್ಲಿ ನಾವೆಲ್ಲ ಎತ್ತರದ ಪುಟವನ್ನಷ್ಟೇ ಓದಿದ್ದೆವು.

ಯಂತ್ರ ರಿಂಗು ಎತ್ತಿಕೊಂಡಿತು. ಕೋಲಿನ ಮುಂದೆ ಬಂದು ಬಹಳ ವಿನಯದಿಂದ ಬಗ್ಗಿತು. ಆಚೆ ಹಾಯ್ದಿತು. ಸಭಾಂಗಣದಲ್ಲಿ ಚಪ್ಪಾಳೆ. ಪದ್ಮಜಾ ಏಳಿಸುವ ಬಟನ್ ಒತ್ತಿದಳು. ಮೋಟಾರು ಗುಂಯ್ ಎಂದಿತು. ಕಂಬ ಏಳಲಿಲ್ಲ. ಎತ್ತರದ ಕಂಬದ ಮುಂದೆ ನಮ್ಮ ಯಂತ್ರ ತಲೆ ತಗ್ಗಿಸಿ ನಿಂತಿತು, ವರ್ಗಾವಣೆ ಕೇಳಲು ಬಂದ ಗುಮಾಸ್ತನ ಹಾಗೆ. ಕೊನೆಗೆ ಬಗ್ಗಿದ ಸ್ಥಿತಿಯಲ್ಲಿಯೇ ಒಂದು ರಿಂಗನ್ನು ಗಿಡ್ಡ ಕಂಬಕ್ಕೆ ಹಾಕಿ, ಸೀಟಿಯಾಗುವವರೆಗೂ ಹಾಗೆಯೇ ಉಳಿಯಿತು.

ಹೊರಗೆ ಕಟ್ಟೆಯ ಮೇಲೆ ಕುಳಿತೆವು. ಹುಡುಗಿಯರಿಬ್ಬರೂ ಹಣಮಂತ ಮಾಸ್ತರರ ಮುಖ ನೋಡದಂತೆ ಕುಳಿತಿದ್ದರು. ಅವರ ಕಿಸೆಯಲ್ಲಿ ಟೇಪಿನ ದುಂಡು ಕಾಣುತ್ತಿತ್ತು.

ಸವಿತಾ ಯಂತ್ರವನ್ನು ಮಡಿಲಲ್ಲಿ ಇಟ್ಟುಕೊಂಡು, ಕಂಬವನ್ನು ಕೈಯಿಂದ ಏಳಿಸಿದಳು, ಬಿಟ್ಟಳು. ಅದು ಬಗ್ಗಿತು. ಏಳಿಸಿದಳು, ಬಿಟ್ಟಳು.

"ನಾವು ಉಲ್ಟಾ ಮಾಡೇವಿ," ಎಂದಳು. "ಇದು ತಾನಽ ಬಗ್ತೈತಿ, ಏಳಾಕ ಮೋಟಾರ್ ಬೇಕಾಗೈತಿ. ತಾನಽ ನೆಟ್ಟಗ ನಿಂತಿರಬೇಕು. ಬಗ್ಗಸಾಕ ಅಷ್ಟ ಮೋಟಾರ್ ಹಚ್ಚಬೇಕು."

"ತಾನಽ ಹೆಂಗ ನಿಂದರ್ತೈತಿ?" ಎಂದಳು ಪದ್ಮಜಾ.

"ಹಿಂದಿಂದ ಏನರ ಜಗ್ಗಿ ಹಿಡೀಬೇಕು. ರಬ್ಬರ್ ಇದ್ರ ಆಗತೈತಿ. ಸೈಕಲ್ ಟ್ಯೂಬ್."

ಹಣಮಂತ ಮಾಸ್ತರರು ಎದ್ದು ಎಲ್ಲಿಗೋ ಹೋದರು. ಸ್ವಲ್ಪ ಹೊತ್ತಿನಲ್ಲಿ ಏದುಸಿರು ಬಿಡುತ್ತ ಬಂದರು. ಕೈಯಲ್ಲಿ ಪಂಕ್ಚರ್ ಅಂಗಡಿಯ ಹಳೆಯ ಟ್ಯೂಬು, ಕತ್ತರಿ.

"ಸೋತ್ರ ಖೋಲಿ ನನಗ ಅನ್ನೂದು ಖರೆ," ಎಂದರು ಯಾರೂ ಕೇಳದಿದ್ದರೂ. "ಆದ್ರ ಅದು ಹಂಗ ಬಗ್ಗಿಕೊಂಡ ನಿಂತದ್ದನ್ನ ನನ್ನ ಕಡಿಂದ ನೋಡಾಕಾಗವಲ್ದು. ನಮ್ಮ ಸಾಲಿ ಹುಡುಗ್ಯಾರ ಮಾಡಿದ್ದದು. ಹಿಡೀರಿ, ಎಷ್ಟಗಲ ಕತ್ತರಿಸ್ಲಿ?"

ಅವರು ಕತ್ತರಿಸಿದರು, ಪದ್ಮಜಾ ಕಟ್ಟಿದಳು, ಸವಿತಾ ದಾರವನ್ನು ಹಿಂದಿನಿಂದ ಮುಂದಕ್ಕೆ ತಿರುಗಿಸಿದಳು, ಸುನಂದಾ ಒಂದು ರಿಂಗನ್ನು ಬೇಡಿ ತಂದು ತೂಗುಹಾಕಿ ಪರೀಕ್ಷಿಸಿದಳು. ನಾನು ನಿಂಬೆಹಣ್ಣನ್ನು ಹಿಡಿದುಕೊಂಡು ನಿಂತಿದ್ದೆ.

ನಿಂತು ಯೋಚಿಸಿದೆ. ನಾನು ಕೊಟ್ಟ ಸಲಹೆ ಎಲ್ಲಿಂದ ಬಂದದ್ದು? ಬಗ್ಗುವುದು ತಾನಾಗಿಯೇ ಆಗಬೇಕು, ಏಳಲು ಮಾತ್ರ ಪ್ರಯತ್ನ ಬೇಕು. ಇದು ಯಂತ್ರದ ಲೆಕ್ಕವಲ್ಲ, ನನ್ನ ನೌಕರಿಯ ಲೆಕ್ಕ. ಸಾಹೇಬರ ಖೋಲಿಯ ಪರದೆ ಕಂಡ ಕೂಡಲೇ ಬೆನ್ನು ತಾನೇ ಸಡಿಲಾಗುತ್ತಿತ್ತು. ಹೊರಗೆ ಬಂದ ಮೇಲೆ ನೆಟ್ಟಗಾಗಲು ಒಂದು ಚಹಾ ಬೇಕಾಗುತ್ತಿತ್ತು. ಕೈಯಲ್ಲಿ ಕಡತಗಳ ಭಾರವಿದ್ದ ದಿನ ಚಹಾದಿಂದಲೂ ಆಗುತ್ತಿರಲಿಲ್ಲ. ಇಳಿದುಹೋಯಿತೆಂದು ಹೆಂಡತಿ ಹೇಳುವ ಆ ಒಂದಿಂಚು ಎಲ್ಲಿ ಹೋಯಿತೆಂದು ನನಗೆ ಹುಕ್ಕೇರಿಯ ಆ ಕಟ್ಟೆಯ ಮೇಲೆ ಅಂದಾಜಾಯಿತು.

ಎರಡನೆಯ ಸರದಿ. ಯಂತ್ರ ರಿಂಗು ಎತ್ತಿಕೊಂಡಿತು. ಕೋಲಿನ ಮುಂದೆ ಮೋಟಾರು ಎಳೆಯಿತು, ಕಂಬ ಬಗ್ಗಿತು. ಈ ಸಲ ಅಷ್ಟೊಂದು ವಿನಯ ಕಾಣಲಿಲ್ಲ, ಕೆಲಸವಿದೆ ಎಂದು ಬಗ್ಗಿದ ಹಾಗಿತ್ತು. ಆಚೆ ಹೋದಮೇಲೆ ಪದ್ಮಜಾ ದಾರ ಬಿಟ್ಟಳು. ಟಪ್ಪೆಂದು ಎದ್ದು ನಿಂತಿತು. ನಿಂತ ರಭಸಕ್ಕೆ ಒಮ್ಮೆ ಹಿಂದೆ ತೂಗಿತು. ಸಭಾಂಗಣದಲ್ಲಿ ನಾನೂ ಮಾಸ್ತರರೂ ಮುಂದೆ ತೂಗಿದೆವು. ಬೀಳಲಿಲ್ಲ. ಎತ್ತರದ ಕಂಬಕ್ಕೆ ರಿಂಗು ಬಿತ್ತು. ಮತ್ತೆ ಬಂತು, ಬಗ್ಗಿತು, ಎದ್ದಿತು, ಇನ್ನೊಂದು ತೊಡಿಸಿತು. ಕೊನೆಯ ರಿಂಗು ಕಂಬದ ತುದಿಯಲ್ಲಿ ಅಡ್ಡ ಸಿಕ್ಕಿಕೊಂಡು ಓಲಾಡುತ್ತಿದ್ದಾಗ ಸೀಟಿಯಾಯಿತು. ಸೀಟಿ ನಿಲ್ಲುವ ಮೊದಲು ಅದು ಒಳಗೆ ಇಳಿಯಿತು. ಎಳೆಯ ಪರೀಕ್ಷಕರು ಬಗ್ಗಿ ನೋಡಿ, ನೆಟ್ಟಗಾಗಿ, ಹೌದೆಂದು ಬಾವುಟ ಎತ್ತಿದರು.

ನಮ್ಮದು ಮೂರನೆಯ ಸ್ಥಾನ. ಬೆಳಗಾವಿಗೆ ಹೋಗಲು ಅಷ್ಟೇ ಬೇಕಿತ್ತು. ಮೊದಲಿನವರು ಹೇಗೆ ಮಾಡಿದ್ದರೆಂದು ನಾನು ನೋಡಲಿಲ್ಲ. ಹುಡುಗಿಯರು ನೋಡಿಬಂದು, ಟಂಟಂನಲ್ಲಿ ಊರು ಮುಟ್ಟುವ ತನಕ ಅದರ ಬಗೆಗೇ ಜಗಳವಾಡಿದರು. ಈ ಸಲ ಸವಿತಾ ಗಿಡ್ಡದ್ದರ ಪರ, ಪದ್ಮಜಾ ಎತ್ತರದ್ದರ ಪರ. ನಾನು ಪಂಚನಾಗಲು ಮುಂದಾಗಲಿಲ್ಲ.

ಘಟಪ್ರಭಾ ದಾಟಿದ ಮೇಲೆ ಹಣಮಂತ ಮಾಸ್ತರರು ಹ್ಯಾಂಡಲ್ ಹಿಡಿದುಕೊಂಡೇ ಹೇಳಿದರು: "ಸರ, ಒಂದ ವಿಚಾರ ಬಂತ್ರಿ. ಮ್ಯಾಟ್ ಅಡ್ಡ ಹಾಸಿ ಇಟ್ರ ಇಡೀ ಖೋಲಿ ಬೇಕು. ಸುತ್ತಿ ನಿಂದರಿಸಿದ್ರ ಒಂದ ಮೂಲಿ ಸಾಕು. ಖೋಲಿಗೆ ಎತ್ತರಾನೂ ಐತಿ ಅನ್ನೂದ ಇಷ್ಟ ದಿನಾ ನನಗ ಹೊಳದಿದ್ದಿಲ್ಲ. ನೆಲಾ ಅಷ್ಟ ಅಳ್ಯಾಕತ್ತಿದ್ನಿ."

"ನಾ ಜೀವನಾ ಪೂರ್ತಿ ಅದನ್ನ ಮಾಡೇನ್ರಿ ಮಾಸ್ತರ," ಎಂದೆ.

"ಮೂಲಿ ಕೊಡ್ತೀರೇನವಾ?" ಎಂದು ಅವರು ಹಿಂದಕ್ಕೆ ಕೂಗಿದರು.

"ಕೊಡ್ತೇವ್ರಿ," ಎಂದು ಇಬ್ಬರೂ ಒಟ್ಟಿಗೇ ಹೇಳಿ, ಬಿಟ್ಟ ಜಗಳಕ್ಕೆ ಮರಳಿದರು.

ಸವಿತಾಳನ್ನು ಬಿಡಲು ಮಸಗುಪ್ಪಿಗೆ ಹೋದಾಗ ಹೊತ್ತು ಮುಳುಗುತ್ತಿತ್ತು. ಹುಡುಗಿಯರು ಯಂತ್ರ ಎತ್ತಿಕೊಂಡು ಮುಂದೆ ಓಡಿದರು. ನಾನು ಚಪ್ಪಲಿ ಬಿಟ್ಟೆ. ಒಳಗಿನಿಂದ ಕೂಗು ಬಂತು. ಬಗ್ಗಿ ಹೋದೆ.

ಅಜ್ಜಿಯ ಕಣ್ಣು ಮೊದಲು ಹೋದದ್ದು ನನ್ನ ಗುಂಡಿಯ ನಿಂಬೆಹಣ್ಣಿನ ಮೇಲೆ. ಅದು ಮಿಷಿನ್ನಿನ ಮೇಲಿರದೆ ಇಲ್ಲಿ ಯಾಕಿದೆ ಎಂದು ಕೇಳಲಿಲ್ಲ. ಹಣ್ಣು ಬಾಡಿದ್ದನ್ನು ನೋಡಿ, ಎಷ್ಟು ಜನರ ದೃಷ್ಟಿ ಎಳೆದುಕೊಂಡಿದೆ ನೋಡು ಎಂದು ಮೊಮ್ಮಗಳಿಗೆ ತೋರಿಸಿದರು. ವಿಜ್ಞಾನದ ಪರವಾಗಿ ನಾನೊಂದು ಮಾತು ಹೇಳಬೇಕಾಗಿತ್ತು. ಅಷ್ಟರಲ್ಲಿ ಚಹಾ ಬಂತು.

ಚಹಾದ ಬಸಿ ಕೈಗೆ ಕೊಡುತ್ತ ಅಜ್ಜಿ ನನ್ನನ್ನೊಮ್ಮೆ, ಬಾಗಿಲನ್ನೊಮ್ಮೆ ನೋಡಿದರು.

"ಸಾಹೇಬ್ರ, ನೀವು ಬಗ್ಗೂ ಗರಜ ಇದ್ದಿಲ್ಲ ಬಿಡ್ರಿ. ನಾ ಸುಮ್ಮ ರೂಢಿಗೆ ಅಂತೇನಿ."

"ನಾನೂ ರೂಢಿಗೆ ಬಗ್ಗತೇನ್ರಿ ಅಜ್ಜಿ," ಎಂದೆ. "ಒಳಗ ಬಂದು ನೆಟ್ಟಗಾಗೂದನ್ನ ಅಷ್ಟ ಇವತ್ತ ಹೊಸದಾಗಿ ಕಲತೇನಿ."